ಸೋರದ ಕೊಳವೆ

ಸೈಟಿನಲ್ಲಿ ಎಲ್ಲರೂ ಅವನನ್ನು ಗಾಳಿಯಣ್ಣ ಎಂದೇ ಕರೆಯುತ್ತಿದ್ದರು. ದೊಡ್ಡ ಕಟ್ಟಡಗಳ ಸೂರಿನ ಮರೆಯಲ್ಲಿ ಗಾಳಿ ಹರಿಯಲು ತಗಡಿನ ಡಕ್ಟ್ ಕೂರಿಸುವುದು ಅವನ ಕಸುಬು. ತಗಡು ಕತ್ತರಿಸಿ, ಮಡಿಸಿ, ರಿವೆಟ್ ಹೊಡೆದು, ಕೊನೆಗೆ ಒಂದು ತುದಿಗೆ ಫ್ಯಾನ್ ಹಚ್ಚಿ, ಕೂಡುವ ಜಾಗಗಳಿಗೆಲ್ಲ ಸೋಪಿನ ನೊರೆ ಬಳಿಯುತ್ತಿದ್ದ. ಎಲ್ಲಿ ಗುಳ್ಳೆ ಎದ್ದಿತೋ ಅಲ್ಲಿ ಗಾಳಿ ಸೋರುತ್ತಿದೆ ಎಂದು ಲೆಕ್ಕ. ಅವನ ಕೆಲಸದಲ್ಲಿ ಗುಳ್ಳೆ ಎದ್ದದ್ದನ್ನು ಕಂಡವರಿಲ್ಲ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಕೆಲಸಗಾರ ಒಳ್ಳೆಯವನೇ. ಮನುಷ್ಯನೂ ಕೆಟ್ಟವನಲ್ಲ. ಕುಡಿತವಿಲ್ಲ, ಕೈ ಎತ್ತಿದವನಲ್ಲ, ಮಗಳೆಂದರೆ ಪ್ರಾಣ. ಒಂದೇ ಒಂದು ಚಾಳಿ ಇತ್ತು. ಯಾರಾದರೂ ಅವನ ಮಾತಿಗೆ ಅಡ್ಡ ಬಂದರೆ ಬೈಯುತ್ತಿರಲಿಲ್ಲ, ನಗುತ್ತಿದ್ದ. ಭುಜ ಕುಣಿಸಿಕೊಂಡು, ಅಕ್ಕಪಕ್ಕದವರನ್ನೂ ಸೇರಿಸಿಕೊಂಡು, "ಕೇಳಿದ್ರಾ, ಇವರು ಹೇಳ್ತಿರೋದನ್ನ?" ಎಂದು ನಗುತ್ತಿದ್ದ. ಬೈಗುಳವನ್ನಾದರೂ ಹಲ್ಲು ಕಚ್ಚಿ ತಡೆದುಕೊಳ್ಳಬಹುದು. ಆ ನಗುವನ್ನು ಎರಡನೇ ಸಲ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕೊಂಡು ತಂದ ವಸ್ತು ಎಂದರೆ ಅವನಿಗೆ ಮೂಗು ಮುರಿಯುವಷ್ಟು ತಾತ್ಸಾರ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಚೌಕಟ್ಟು ಅವನು ಮಾಡಿದ್ದು. ಬಚ್ಚಲಿನ ಗ್ಯಾಸ್ ಗೀಸರ್‌ನ ಹೊಗೆ ಹೊರಹೋಗುವ ತಗಡಿನ ನಳಿಗೆ ಅವನದೇ. ಹೆಂಡತಿ ಮಾತ್ರ ಎಂಥ ಚಳಿಯಲ್ಲೂ ಬಚ್ಚಲಿನ ಕಿಟಕಿ ತೆರೆದಿಟ್ಟೇ ಸ್ನಾನ ಮಾಡುತ್ತಿದ್ದಳು. "ಬಿಸಿ ಮಾಡಿದ್ದೆಲ್ಲ ಬೀದಿಗೆ" ಎಂದು ಅವನು ಗೊಣಗುತ್ತಿದ್ದ, ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅಟ್ಟಕ್ಕೆ ಹತ್ತುವ ಕಬ್ಬಿಣದ ಏಣಿಯೂ ಅವನದೇ ಕೈಯದು. ಮಗಳು ಹಳೆಯ ಪುಸ್ತಕ ಹುಡುಕಲು ಹತ್ತಿ ಬಿದ್ದದ್ದು ಅದರ ಮೇಲಿಂದ. ತೊಡೆಯ ಮೂಳೆ ಮುರಿಯಿತು. ಅವನು ಏಣಿಯನ್ನು ಮೇಲಿಂದ ಕೆಳಗೆ ನೋಡಿ, "ಚಪ್ಪಲಿ ಜಾರಿದೆ" ಎಂದು ತೀರ್ಪು ಕೊಟ್ಟ. ಅಲ್ಲಿಗೆ ಆ ಮಾತು ಮುಗಿಯಿತು.

ಡಾಕ್ಟರು ಮೂಳೆ ಕೂಡಿಸಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. "ತುಂಬ ಕಷ್ಟಪಟ್ಟು ಕೂರಿಸಿದೀನಿ. ಅಲ್ಲಾಡಬಾರದು, ಒದ್ದೆಯಾಗಬಾರದು. ಸರಿದ್ರೆ ಕೊಯ್ದು ಕಂಬಿ ಹಾಕಬೇಕಾಗುತ್ತೆ. ಆಮೇಲೂ ಆ ಕಾಲು ಈ ಕಾಲಿನ ಸಮ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ" ಎಂದರು. ಮಗಳಿಗೆ ಇನ್ನೂ ಬೆಳೆಯುವ ವಯಸ್ಸು. ಅಂದಿನಿಂದ ಗಾಳಿಯಣ್ಣ ಅವಳನ್ನು ಮಂಚದಿಂದ ಕುರ್ಚಿಗೆ ಕೂರಿಸುವಾಗಲೂ ತಾನೇ ಎತ್ತುತ್ತಿದ್ದ, ಉಸಿರು ಬಿಗಿಹಿಡಿದು.

ಆಸ್ಪತ್ರೆಗೆ ಕರೆದೊಯ್ಯುವುದು ತಮ್ಮನ ಕಾರಿನಲ್ಲಿ. ತಮ್ಮ ಮಹಡಿಯ ಮೇಲಿನ ಕೋಣೆಯಲ್ಲಿದ್ದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಮಾತು ಕಡಿಮೆ, ಮಾತಾಡಿದರೂ ದನಿ ಅಂಗಡಿಯ ಗಾಜು ದಾಟುತ್ತಿರಲಿಲ್ಲ. ಅವನಿಗಿದ್ದ ಒಂದೇ ಹುಚ್ಚು ಆ ಹಳೆಯ ಕಾರು. ಮಗಳನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿಕೊಂಡು ಆಸ್ಪತ್ರೆಯ ಏರು ಹತ್ತುವಾಗ ಅದು ಏದುಸಿರು ಬಿಡುತ್ತಿತ್ತು.

"ಕೋಲ್ಡ್ ಏರ್ ಇನ್‌ಟೇಕ್ ಅಂತ ಒಂದು ಕಿಟ್ ಬರುತ್ತಣ್ಣ" ಎಂದ ತಮ್ಮ ಒಂದು ಸಂಜೆ. "ಈಗ ಎಂಜಿನ್ ತನ್ನ ಪಕ್ಕದ ಬಿಸಿಗಾಳೀನೇ ಕುಡೀತಿದೆ. ಇದನ್ನ ಹಾಕಿದ್ರೆ ಹೊರಗಿನ ತಣ್ಣನೆ ಗಾಳಿ ಎಳ್ಕೊಳ್ಳುತ್ತೆ, ಏರಲ್ಲಿ ಇಷ್ಟು ಒದ್ದಾಡಲ್ಲ."

"ಅಂದ್ರೆ ಒಂದು ಕೊಳವೆ."

"ಕೊಳವೆ, ಫಿಲ್ಟರ್... ಹೂಂ, ಕೊಳವೇನೇ."

"ಹತ್ತು ಅಂತಸ್ತಿಗೆ ಗಾಳಿ ಕಳಿಸೋ ಅಣ್ಣನ್ನ ಮನೇಲಿಟ್ಕೊಂಡು ಅಂಗಡೀಲಿ ಕೊಳವೆ ಕೊಳ್ತೀಯಾ? ಊರು ಕೇಳಿದ್ರೆ ನಗುತ್ತೆ ಕಣೋ."

ಆದರೂ ಎದುರಾಳಿ ಎಂಥವನು ಎಂದು ನೋಡಬೇಕಲ್ಲ. ಭಾನುವಾರ ಇಬ್ಬರೂ ಕಾರಿನ ಬಿಡಿಭಾಗದ ಅಂಗಡಿಗೆ ಹೋದರು. ಮನೆಯಲ್ಲೇ ಕೂತು ಬೇಜಾರಾಗಿದ್ದ ಮಗಳೂ ಹಟ ಹಿಡಿದು ಜೊತೆಗೆ ಬಂದಳು. ಅಂಗಡಿಯ ಬಾಗಿಲಿಗೇ ಕಾರು ನಿಲ್ಲಿಸಿ ಕಿಟಕಿ ಇಳಿಸಿ ಅವಳನ್ನು ಹಿಂದಿನ ಸೀಟಿನಲ್ಲೇ ಬಿಟ್ಟಿದ್ದರು.

ಅಂಗಡಿಯವನು ಕಿಟ್ ಬಿಚ್ಚಿ ಮೇಜಿನ ಮೇಲೆ ಹರಡಿದ. ಹೊಳೆಯುವ ಕೊಳವೆ, ತುದಿಗೆ ಕೂರಿಸುವ ಕೆಂಪು ಫಿಲ್ಟರ್. ಕೊಳವೆಯ ನಡುವೆ ಒಂದು ಉಂಗುರ. ಅದರ ಸುತ್ತ ಸೀಳುಗಳು, ಸೀಳುಗಳ ಒಳಗೆ ರಬ್ಬರಿನ ತೆಳು ಪರದೆ, ಮೇಲೆ ಸ್ಪಂಜು. ಗಾಳಿಯಣ್ಣ ಅದನ್ನು ಎತ್ತಿಕೊಂಡ. ಕಸುಬಿನವನ ಕಣ್ಣು ನೇರ ಆ ಉಂಗುರಕ್ಕೇ ಬಿತ್ತು. ಒಂದು ತುದಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿದ, ಇನ್ನೊಂದು ತುದಿಗೆ ಬಾಯಿಟ್ಟು ಜೋರಾಗಿ ಉಸಿರೆಳೆದ. ಪರದೆ ಒಳಕ್ಕೆ ಬಾಗಿ ಸುಯ್ಯೆಂದು ಗಾಳಿ ಬಂದೇ ಬಂತು.

"ಸೋರುತ್ತೆ!" ಎಂದ. ಮುಖ ಅರಳಿತು. "ಹೊಚ್ಚ ಹೊಸದು, ನಟ್ಟನಡುವೆ ಸೋರುತ್ತೆ."

"ಅದು ಸೋರೋದಲ್ಲ ಸರ್" ಎಂದ ಅಂಗಡಿಯವನು, "ಆ ಉಂಗುರ ಯಾಕಿರೋದು ಅಂದ್ರೆ, ಮಳೆಗಾಲದಲ್ಲಿ..."

ಭುಜ ಕುಣಿಯತೊಡಗಿತು. ಪಕ್ಕದಲ್ಲಿ ಟೈರು ನೋಡುತ್ತಿದ್ದವರನ್ನೂ ಕರೆದ. "ನೋಡಿ ಸ್ವಾಮಿ, ಕೊಳವೇಲಿ ತೂತು ಬಿಟ್ಟು ಅದಕ್ಕೆ ಸ್ಪಂಜು ಸುತ್ತಿ ಮಾರ್ತಾರೆ. ನಮ್ಮ ಸೈಟಲ್ಲಿ ಹೀಗೆ ಮಾಡಿದ್ರೆ ಸಾಯಂಕಾಲದೊಳಗೆ ಮನೆಗೆ ಕಳಿಸ್ತಾರೆ." ಅವರೂ ನಕ್ಕರು. ಅಂಗಡಿಯವನು ಪೆಚ್ಚಾದ. ಗಾಳಿಯಣ್ಣ ನಗುತ್ತ ಬೀದಿಗಿಳಿದ. ತಮ್ಮ ಹೊರಬರಲು ಒಂದು ಗಳಿಗೆ ತಡವಾಯಿತು. ಬಾಗಿಲಲ್ಲಿ, ಕಾರಿನ ಪಕ್ಕದಲ್ಲೇ, ಅಂಗಡಿಯವನು ಅವನಿಗೆ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದ. ಗಾಳಿಯಣ್ಣ ಅದನ್ನು ದೂರದಿಂದಲೇ ಕಂಡ. ಬೆಲೆ ಇಳಿಸುತ್ತಿದ್ದಾನೆ ಎಂದುಕೊಂಡ.

ಕೊಳವೆ ತಯಾರಾಯಿತು. ನಿಜ ಹೇಳಬೇಕೆಂದರೆ ಚೆಂದವೂ ಇತ್ತು. ಅಲ್ಯೂಮಿನಿಯಂ ತಗಡು, ನುಣುಪಾದ ಬಾಗು, ಕೂದಲೆಳೆಯಷ್ಟೂ ಸಂದಿಲ್ಲದ ಬೆಸುಗೆ. ಗಾಳಿ ಎಳೆಯುವ ಬಾಯಿ ಎಲ್ಲಿಡಬೇಕೆಂದು ತಿಳಿಯಲು ಸೈಟಿನಿಂದ ತಾಪ ಅಳೆಯುವ ಯಂತ್ರ ತಂದು, ಬಾನೆಟ್ ಒಳಗೆ, ದೀಪದ ಹಿಂದೆ, ಬಂಪರಿನ ಕೆಳಗೆ ಎಂದು ಒಂದೊಂದೇ ಕಡೆ ಹಿಡಿದು ನೋಡಿದ. ಎಲ್ಲಕ್ಕಿಂತ ತಂಪು ಬಂಪರಿನ ತಳದಲ್ಲಿ.

"ಅಷ್ಟು ಕೆಳಗಾ ಅಣ್ಣ?" ಎಂದ ತಮ್ಮ. "ರಸ್ತೆಗೆ ಹತ್ತಿರ ಆಗಲ್ವಾ?"

"ತಂಪು ಕೆಳಗೇ ಇರೋದು. ಬಿಸಿ ಮೇಲಕ್ಕೆ ಹೋಗುತ್ತೆ. ಸ್ಕೂಲಲ್ಲಿ ಏನು ಮಾಡ್ತಿದ್ದೆ?"

"ಅಲ್ಲ, ಅಂಗಡಿಯವನು ಆ ಉಂಗುರ..."

ಅಣ್ಣ ತಲೆ ಎತ್ತಿದ. ತುಟಿಯ ಅಂಚಿನಲ್ಲಿ ನಗು ಆಗಲೇ ಬಂದು ಕೂತಿತ್ತು. ತಮ್ಮ ಸ್ಪ್ಯಾನರ್ ಕೊಟ್ಟ.

ನೊರೆ ಬಳಿದು ನೋಡಿದರು, ಒಂದು ಗುಳ್ಳೆ ಏಳಲಿಲ್ಲ. ಕಾರಿನ ದನಿಯೇ ಬದಲಾಯಿತು, ಎದೆ ತುಂಬ ಉಸಿರೆಳೆದಂತೆ ಗಂಭೀರವಾಯಿತು. ಏರನ್ನು ಸಲೀಸಾಗಿ ಹತ್ತಿತು. ಗಾಳಿಯಣ್ಣ ಸೈಟಿನಲ್ಲಿ ಈ ಕತೆಯನ್ನು ಎಲ್ಲರ ಕಿವಿ ತೂತಾಗುವಷ್ಟು ಹೇಳಿದ. ತಮ್ಮ ಮಾತ್ರ ದಿನಾ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಆಕಾಶ ನೋಡುವುದನ್ನು ರೂಢಿ ಮಾಡಿಕೊಂಡ.

ಪ್ಲಾಸ್ಟರ್ ಒಳಗೆ ಮೂಳೆ ಹೇಗೆ ಕೂಡಿದೆ ಎಂದು ನೋಡಲು ಡಾಕ್ಟರು ಕರೆದಿದ್ದ ದಿನ ಮಧ್ಯಾಹ್ನವೇ ಕತ್ತಲಾಯಿತು. ಗಾಳಿಯಣ್ಣ ಅರ್ಧ ದಿನ ರಜೆ ಹಾಕಿ ಬಂದಿದ್ದ. ಮಗಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಪ್ಲಾಸ್ಟರಿನ ಕೆಳಗೆ ದಿಂಬು ಒತ್ತಿದ. ಮಳೆ ಧೋ ಎಂದು ಹಿಡಿದುಕೊಂಡಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ನಾಳೆ ಹೋದ್ರಾಗಲ್ವಾ ರೀ?" ಎಂದಳು.

"ಮಳೆಗೆ ಹೆದರಿ ಡಾಕ್ಟರಿಗೆ ಕೈಕೊಡೋದಾ?" ಎಂದು ಅವನು ಕೂತ.

ಆಸ್ಪತ್ರೆಗೆ ಎರಡು ದಾರಿ. ಮೇಲ್ಸೇತುವೆ ಹಿಡಿದರೆ ದೂರದ ಸುತ್ತು, ಅಂದು ವಾಹನಗಳು ಅಲ್ಲಿ ಸಾಲುಗಟ್ಟಿ ನಿಂತಿದ್ದವು. ಇನ್ನೊಂದು ರೈಲುಹಳಿಯ ಕೆಳಗೆ ಇಳಿದು ಏರುವ ಅಂಡರ್‌ಪಾಸ್. ತಮ್ಮ ಮೇಲ್ಸೇತುವೆಯ ಕಡೆ ತಿರುಗಿಸಿದ. ಗಾಳಿಯಣ್ಣ ಕೈಗಡಿಯಾರ ನೋಡಿ, "ಡಾಕ್ಟರು ಎದ್ದು ಹೋಗ್ತಾರೆ. ಕೆಳಗಿಂದ ಹೋಗು" ಎಂದ.

ತಮ್ಮ ಇಳಿಜಾರಿನ ತಲೆಯಲ್ಲೇ ಕಾರು ನಿಲ್ಲಿಸಿದ. ಕೆಳಗೆ ಕಂದು ನೀರು ನಿಂತಿತ್ತು. ಗೋಡೆಯ ಹಳದಿ ಪಟ್ಟಿಯ ತಳ ಕಾಣುತ್ತಿರಲಿಲ್ಲ. ಎರಡೂ ಇಳಿಜಾರಿನಿಂದ ನೀರು ಹರಿದು ಬಂದು ಅದಕ್ಕೆ ಸೇರುತ್ತಲೇ ಇತ್ತು. ಮುಂದೆ ಒಂದು ಟೆಂಪೊ ಇಳಿದು, ಅಲೆ ಎಬ್ಬಿಸಿಕೊಂಡು ಆಚೆ ಹತ್ತಿ ಹೋಯಿತು.

"ಅಣ್ಣ, ಸುತ್ತಿ ಹೋಗೋಣ" ಎಂದ.

"ಯಾಕೆ?"

"ನೀರು..."

"ಟೆಂಪೊ ಹೋಯ್ತಲ್ಲ."

"ಟೆಂಪೊ ಬೇರೆ ಅಣ್ಣ. ನಮ್ಮ ಕೊಳವೆ ಬಾಯಿ..."

"ನಮ್ಮ ಕೊಳವೆಗೆ ಏನಾಗಿದೆ?" ಗಾಳಿಯಣ್ಣ ಪೂರ್ತಿ ಅವನ ಕಡೆ ತಿರುಗಿದ. ಆಮೇಲೆ ಹಿಂದಕ್ಕೆ ತಿರುಗಿ ಮಗಳಿಗೆ, "ಕೇಳಿದ್ಯಾ ನಿಮ್ಮ ಚಿಕ್ಕಪ್ಪ ಹೇಳ್ತಿರೋದನ್ನ? ಗಾಳಿ ಸೋರದ ಕೊಳವೇಲಿ ನೀರು ನುಗ್ಗುತ್ತಂತೆ" ಎಂದು ನಗತೊಡಗಿದ. ಮಗಳು ನಗಲಿಲ್ಲ. ಎರಡೂ ಕೈಯಿಂದ ಸೀಟಿನ ಅಂಚು ಹಿಡಿದುಕೊಂಡಳು. ತಮ್ಮ ಕನ್ನಡಿಯಲ್ಲಿ ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ತಮ್ಮ ಕ್ಲಚ್ ಬಿಟ್ಟ.

ನೀರು ಬಂಪರಿಗೆ ತಾಗಿದಾಗ ಕಾರಿನ ಗಂಭೀರ ದನಿ ಒಮ್ಮೆ ಗೊರಗೊರ ಎಂದಿತು. ಆಮೇಲೆ ಬಾನೆಟ್ ಒಳಗೆ ಠಕ್ಕೆಂದು ಒಂದೇ ಸದ್ದು, ಸುತ್ತಿಗೆಯಿಂದ ಹೊಡೆದ ಹಾಗೆ. ಕಾರು ಅಲ್ಲೇ ಸತ್ತಿತು. ತಮ್ಮ ಕೀಲಿ ತಿರುಗಿಸಿದ, ಏನೂ ತಿರುಗಲಿಲ್ಲ. ಎಂಜಿನ್ ಗಾಳಿಯ ಬದಲು ನೀರು ಕುಡಿದಿತ್ತು. ನಡುವೆ ಒಂದು ತೂತಿದ್ದಿದ್ದರೆ ಬಾಯಿ ಮುಳುಗಿದಾಗ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಗಾಳಿಯಣ್ಣನಿಗೆ ಅಂಗಡಿಯಲ್ಲಿ ಅಂಗೈಯಿಂದ ತುದಿ ಮುಚ್ಚಿ ತಾನೇ ಉಸಿರೆಳೆದದ್ದು ನೆನಪಾಯಿತು. ಸುಯ್ಯೆಂದು ಗಾಳಿ ಬಂದದ್ದೂ ನೆನಪಾಯಿತು.

"ಅಪ್ಪ, ಕೆಳಗಿಂದ ನೀರು ಬರ್ತಿದೆ" ಎಂದಳು ಮಗಳು.

ಬಾಗಿಲ ಸಂದಿಯಿಂದ ನುಗ್ಗಿದ ನೀರು ಪಾದ ಮುಳುಗಿಸಿ ಸೀಟಿನತ್ತ ಏರುತ್ತಿತ್ತು. ಇಬ್ಬರೂ ಭುಜ ಕೊಟ್ಟು ಬಾಗಿಲು ನೂಕಿದರು. ಹೊರಗೆ ತೊಡೆಯವರೆಗೆ ನೀರು, ಕಾಲಡಿ ಕೆಸರು. ಗಾಳಿಯಣ್ಣ ಮಗಳ ಬೆನ್ನಿಗೆ ಕೈಕೊಟ್ಟು ಎತ್ತಿದ, ತಮ್ಮ ಪ್ಲಾಸ್ಟರಿನ ಕಾಲನ್ನು ತಲೆಯ ಮಟ್ಟಕ್ಕೆ ಹಿಡಿದುಕೊಂಡ. ಕೆಲವು ಹೆಜ್ಜೆ ಹಾಗೇ ಬಂದರು. ಎದುರಿನಿಂದ ಇಳಿದ ಬಸ್ಸು ಗಾಬರಿಯಿಂದ ಬ್ರೇಕ್ ಹಾಕಿ ಅಲೆ ಎಬ್ಬಿಸಿತು. ತಮ್ಮನ ಕಾಲು ಜಾರಿತು. ಪ್ಲಾಸ್ಟರಿನ ಕಾಲು ಪೂರ್ತಿ ಮುಳುಗಿ, ತಿರುಚಿಕೊಂಡು ಮೇಲೆ ಬಂತು. ಮಗಳು ಕೂಗಲಿಲ್ಲ. ಬಾಯಿ ತೆರೆದಳು, ದನಿ ಹೊರಡಲಿಲ್ಲ. ಆ ತೆರೆದ ಬಾಯನ್ನು ಗಾಳಿಯಣ್ಣ ಬದುಕಿರುವವರೆಗೂ ಮರೆಯಲಾರ.

ಆಸ್ಪತ್ರೆಯಲ್ಲಿ ಮೆತ್ತಗಾದ ಪ್ಲಾಸ್ಟರನ್ನು ಕತ್ತರಿಸಿ ತೆಗೆದು, ಎಕ್ಸ್‌ರೇ ತೆಗೆಸಿ, ಡಾಕ್ಟರು ಒಂದೇ ಮಾತು ಹೇಳಿ ಒಳಗೆ ಹೋದರು. ಮೂಳೆ ಸರಿದಿದೆ, ಕೊಯ್ಯಬೇಕು. ಹೆಂಡತಿ ನೆನೆದುಕೊಂಡೇ ಓಡಿ ಬಂದಳು. ಮಗಳನ್ನು ತಳ್ಳುಮಂಚದ ಮೇಲೆ ಮಲಗಿಸಿ, ಆಪರೇಷನ್ ಕೋಣೆ ಸಿದ್ಧವಾಗುವವರೆಗೆ ಕಾರಿಡಾರಿನಲ್ಲೇ ಬಿಟ್ಟಿದ್ದರು.

ಗಾಳಿಯಣ್ಣ ತಮ್ಮನ ತೋಳು ಹಿಡಿದ. "ಆ ಉಂಗುರ ಯಾಕಿತ್ತು ಅಂತ ನಿಂಗೆ ಗೊತ್ತಿತ್ತಾ?"

"ಅಂಗಡಿಯವನು ಹೇಳಿದ್ದ ಅಣ್ಣ."

"ಗೊತ್ತಿದ್ದೂ ಯಾಕೋ ಬಾಯಿ ಬಿಡಲಿಲ್ಲ?"

ತಮ್ಮ ನೆಲ ನೋಡಿದ. "ಬಿಟ್ಟೆ ಅಣ್ಣ. ನೀನು ನಗ್ತಿದ್ದೆ."

"ನಂಗೂ ಗೊತ್ತಿತ್ತು ಅಪ್ಪ" ಎಂದಳು ಮಗಳು ಸೂರು ನೋಡುತ್ತ. ನೋವಿನ ಮದ್ದಿಗೆ ನಾಲಗೆ ತೊದಲುತ್ತಿತ್ತು. "ಕಾರಿನ ಕಿಟಕಿಯಿಂದ ಕೇಳಿಸ್ತಿತ್ತು." ಆಮೇಲೆ, "ಅವತ್ತು ಚಪ್ಪಲಿ ಜಾರಿದ್ದಲ್ಲ ಅಪ್ಪ. ಏಣಿ ಮೆಟ್ಟಿಲು ಅಲ್ಲಾಡ್ತಿತ್ತು. ಅಮ್ಮಂಗೂ ಗೊತ್ತಿತ್ತು" ಎಂದಳು.

ಹೆಂಡತಿ ಸೆರಗಿನ ನೀರು ಹಿಂಡುತ್ತ ನಿಂತಿದ್ದಳು. ಗಾಳಿಯಣ್ಣನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಭಯವಾಯಿತು. ತನ್ನ ಮನೆಯನ್ನು ಕೋಣೆ ಕೋಣೆಯಾಗಿ ನೆನೆಯತೊಡಗಿದ, ತಾನು ಕೂರಿಸಿದ ಒಂದೊಂದೇ ತಗಡು, ಒಂದೊಂದೇ ಕೊಳವೆ. ಕೊನೆಗೆ ಬಚ್ಚಲಿನ ಗೀಸರ್‌ನ ಹೊಗೆ ನಳಿಗೆಗೆ ಬಂದು ನಿಂತ. ಮಂಚವನ್ನು ತಳ್ಳಿಕೊಂಡು ಹೋಗಲು ಬಂದರು. ಮಗಳು ಬಾಗಿಲಾಚೆ ಮರೆಯಾದಳು.

ಅವನು ಹೆಂಡತಿಯ ಕಡೆ ತಿರುಗಿದ.

"ಬಚ್ಚಲಿನ ಕಿಟಕಿ ಯಾಕೆ ಯಾವಾಗಲೂ ತೆಗೆದಿಡ್ತೀಯ?"

ಅವಳು ಮೊದಲು ಅವನ ಮುಖ ನೋಡಿದಳು, ತುಟಿಯ ಅಂಚನ್ನು. ಅಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದಳು.

"ಮುಚ್ಚಿದ್ರೆ ತಲೆ ಸುತ್ತುತ್ತೆ ರೀ. ಮಗಳು ಒಂದು ಸಲ ಒಳಗೇ ಬಿದ್ದಿದ್ಲು."