ತಂಗಿಯ ಪಾಲು

ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಒಂದೇ ರೊಟ್ಟಿ ಹಂಚಿ ತಿನ್ನುವುದು. ಅದಕ್ಕೆ ಬೇಕಾದ ರೊಟ್ಟಿ ಸುಡುವವಳು ಅಕ್ಕ. ಬೇಕರಿಯ ಭಟ್ಟಿಯ ಮುಂದೆ ಅರ್ಧ ಆಯಸ್ಸು ಕಳೆದವಳಿಗೆ ದುಂಡನೆಯ ಒಂದು ರೊಟ್ಟಿ ಏನು ಮಹಾ! ಆದರೂ ಶನಿವಾರ ಬೆಳಗಾದರೆ ಅವಳ ಮನೆಯಲ್ಲಿ ಮದುವೆಯ ಗಡಿಬಿಡಿ. ಹಿಟ್ಟು ಜರಡಿ ಹಿಡಿದು, ನಾದಿ, ಒದ್ದೆಬಟ್ಟೆ ಮುಚ್ಚಿ ಉಬ್ಬಲು ಬಿಟ್ಟು, ಮಗುವನ್ನು ಮಲಗಿಸಿ ಬಂದವಳ ಹಾಗೆ ಆಗಾಗ ಇಣುಕಿ ನೋಡುವಳು. ಚರ್ಚಿನ ಮಕ್ಕಳು ಅವಳಿಗೆ ಬ್ರೆಡ್ಡಜ್ಜಿ ಎಂದು ಹೆಸರಿಟ್ಟಿದ್ದವು. ಕೇಳಿದರೆ ರೇಗುವಳು, ಒಳಗೊಳಗೇ ಹಿಗ್ಗುವಳು. ಗಂಡ ಮಕ್ಕಳು ಇಲ್ಲದ ಹೆಂಗಸಿಗೆ ನಾಲ್ಕು ಜನರ ನಡುವೆ ಇದ್ದ ಮರ್ಯಾದೆ ಅದೊಂದೇ.

ಆ ಚರ್ಚಿನಲ್ಲಿ ಒಂದು ರೂಢಿ. ಪಾಸ್ಟರು ಎಲ್ಲರಿಗೂ ಹಂಚುತ್ತಿರಲಿಲ್ಲ. ಜನ ಮೇಜಿನ ಸುತ್ತ ಉಂಗುರದಂತೆ ನಿಲ್ಲಬೇಕು. ರೊಟ್ಟಿ ಎಡಗಡೆಯವರಿಂದ ಬಲಗಡೆಯವರಿಗೆ ಕೈಯಿಂದ ಕೈಗೆ ಸಾಗಬೇಕು. ಒಬ್ಬೊಬ್ಬರೂ ಒಂದು ತುಂಡು ಮುರಿದು ಪಕ್ಕದವರ ಅಂಗೈಯಲ್ಲಿಟ್ಟು “ನಿನಗಾಗಿ” ಎನ್ನಬೇಕು. ತನ್ನ ತುಂಡನ್ನು ತಾನೇ ಮುರಿದುಕೊಳ್ಳುವಂತಿಲ್ಲ. ಒಮ್ಮೆ ಮುರಿದದ್ದು ತಟ್ಟೆಗೆ ಮರಳುವಂತೆಯೂ ಇಲ್ಲ. “ನಮ್ಮ ತುತ್ತು ಇನ್ನೊಬ್ಬರ ಕೈಯಿಂದಲೇ ಬರ್ಬೇಕು. ಇಲ್ಲಾಂದ್ರೆ ಮನೇಲೇ ತಿಂದ್ಕೊಂಡು ಬರಬಹುದಲ್ಲಾ,” ಎನ್ನುವರು ಪಾಸ್ಟರು.

ಆ ಉಂಗುರದಲ್ಲಿ ತಂಗಿ ಮಾತ್ರ ಇರುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತವಳು, ರೊಟ್ಟಿಯ ಮೇಲಿನ ಬಿಳಿಬಟ್ಟೆ ಸರಿದ ಕೂಡಲೇ ತಲೆ ತಗ್ಗಿಸುವಳು. ಅಮ್ಮ ಹೋದಂದಿನಿಂದ ಹೀಗೆ.

ತಂಗಿ ಆಸ್ಪತ್ರೆಯಲ್ಲಿ ನರ್ಸು. ಅಮ್ಮನಿಗೆ ಪಾರ್ಶ್ವವಾಯು ಬಡಿದು ನುಂಗುವ ಶಕ್ತಿ ಹೋದಾಗ, ಮೂಗಿನ ನಳಿಕೆಯಲ್ಲಿ ಹಾಲಿಳಿಸುವುದನ್ನು ಅಕ್ಕನಿಗೆ ಕಲಿಸಿದವಳು ಅವಳೇ. ಡ್ಯೂಟಿಗೆ ಹೊರಡುವ ಮುಂಚೆ ದಿನಾ ಹೇಳುವಳು: “ಅಕ್ಕಾ, ಬಾಯಿಗೆ ಏನೂ ಹಾಕ್ಬೇಡ. ಒಂದು ಹನಿ ನೀರೂ ಬೇಡ. ಅಮ್ಮ ಕೇಳಿದ್ರೂ ಬೇಡ.”

ಅಮ್ಮ ಕೇಳಿಯೇ ಕೇಳಿದಳು. ಮಾತು ಬಿದ್ದುಹೋಗಿತ್ತು, ಕಣ್ಣಲ್ಲಿ ಕೇಳಿದಳು. ಆಗತಾನೇ ಸುಟ್ಟ ಬ್ರೆಡ್ಡಿನ ವಾಸನೆ ಮನೆತುಂಬ ಹರಡಿದ್ದ ಹೊತ್ತು. ಅಕ್ಕನ ಕರುಳು ಚುರ್ ಎಂದಿತು. ಒಂದೇ ಒಂದು ಚೂರು, ಹಾಲಲ್ಲಿ ಅದ್ದಿ, ಮೆತ್ತಗೆ ಮಾಡಿ ಕೊಟ್ಟರೆ ಏನಾಗುತ್ತೆ ಮಹಾ! ಕೊಟ್ಟಳು. ಅಮ್ಮನ ತುಟಿ ನಕ್ಕಂತಾಯಿತು. ಮರುಗಳಿಗೆ ಮುಖ ನೀಲಿಗಟ್ಟಿತು. ಅಕ್ಕ ಬೆನ್ನು ಗುದ್ದಿದಳು, ಗಂಟಲಿಗೆ ಬೆರಳು ಹಾಕಿದಳು, ಬೀದಿಗೆ ಕೇಳುವಂತೆ ಕೂಗಿಕೊಂಡಳು. ತಂಗಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

“ಹೇಗಿದ್ರೂ ಹೆಚ್ಚು ದಿನ ಇರ್ತಿರ್ಲಿಲ್ಲ,” ಎಂದರು ಡಾಕ್ಟರು. ತಂಗಿ ಆ ಸಮಾಧಾನಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಕೂಗಾಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಅಮ್ಮನನ್ನು ಮಣ್ಣು ಮಾಡಿ ಬಂದವಳು ಬಟ್ಟೆಬರೆ ಕಟ್ಟಿಕೊಂಡು ಬೇರೆ ಮನೆ ಹಿಡಿದಳು. ಬೀದಿಯಲ್ಲಿ ಅಕ್ಕ ಎದುರಾದರೆ ಪಕ್ಕದ ಅಂಗಡಿಯ ಬೋರ್ಡು ಓದುತ್ತಾ ನಿಲ್ಲುವಳು.

ಅಕ್ಕ ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು. ತಂಗಿ ದೇವರ ಮೇಲೆ ಮುನಿಸಿಕೊಂಡವಳಲ್ಲ. ಹಾಗಿದ್ದರೆ ಹಿಂದಿನ ಬೆಂಚಿಗಾದರೂ ಯಾಕೆ ಬರುತ್ತಿದ್ದಳು? ಅವಳಿಗೆ ಬೇಡವಾದದ್ದು ಈ ಕೈ ನಾದಿದ ರೊಟ್ಟಿ. ಸರಿ, ಪಾಸ್ಟರ ಕೋಣೆಗೆ ಹೋದಳು.

“ಇನ್ಮೇಲೆ ರೊಟ್ಟಿ ನಂಗೆ ಬೇಡ ಪಾಸ್ಟರೇ. ಅಂಗಡಿಯಿಂದ ತರಿಸ್ಬಿಡಿ.”

“ಅಯ್ಯೋ, ಯಾಕಮ್ಮಾ? ಹುಷಾರಿಲ್ವಾ?”

“ಗುಂಡುಕಲ್ಲಿನ ಹಾಗಿದೀನಿ. ಅವಳು ಮೇಜಿನ ಹತ್ರ ಬರ್ಲಿ ಅಂತ.”

ಪಾಸ್ಟರು ಕನ್ನಡಕ ತೆಗೆದು ಒರೆಸಿದರು. “ನಿಮಗೆ ಅಂತ ಇರೋದು ಇದೊಂದೇ ಅಲ್ವೇನಮ್ಮಾ?” ಎಂದರು.

“ನಂಗೆ ಅಂತ ಇರೋದು ಅವಳೊಬ್ಬಳೇ. ಅಂಗಡಿ ಬ್ರೆಡ್ಡು ಅಂತ ಜೋರಾಗಿ ಹೇಳಿ ಪಾಸ್ಟರೇ. ಹಿಂದಿನ ಬೆಂಚಿಗೂ ಕೇಳ್ಬೇಕು.”

ತಿಂಗಳ ಕೊನೆಯ ಭಾನುವಾರ ಪಾಸ್ಟರು ಹಾಗೇ ಹೇಳಿದರು. ಜನ ಗುಸುಗುಸು ಮಾತಾಡಿಕೊಂಡರು. ಆ ಶನಿವಾರ ಅಕ್ಕ ಬರಿ ಮೇಜನ್ನು ಒರೆಸಿದ್ದೇ ಒರೆಸಿದ್ದು.

ಭಾನುವಾರ ಬಿಳಿಬಟ್ಟೆ ಸರಿಯಿತು. ಅಂಗಡಿಯ ರೊಟ್ಟಿ ಮೇಲೆ ಥಳಥಳ, ಒಳಗೆ ಬರೀ ಹತ್ತಿ. ‘ಥೂ, ಇದೂ ಒಂದು ರೊಟ್ಟಿಯಾ’ ಎಂದುಕೊಂಡ ಅಕ್ಕ, ದೇವರ ಮುಂದೆ ಹೀಗೆ ಅಂದುಕೊಂಡೆನಲ್ಲಾ ಎಂದು ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಹಿಂದಿನ ಬೆಂಚು ಕಿರ್ರೆಂದಿತು. ತಂಗಿ ಎದ್ದಿದ್ದಳು! ಕೈ ಜೋಡಿಸಿಕೊಂಡು ಮೆಲ್ಲಗೆ ನಡೆದು ಬಂದು ಉಂಗುರದ ಆಚೆ ಬದಿಯಲ್ಲಿ ನಿಂತಳು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಅಕ್ಕ ನಿಂತಲ್ಲೇ ನಿಂತಿದ್ದರೆ ತಂಗಿ ಯಾರದೋ ಕೈಯ ತುಂಡು ತಿಂದು, ಬರುವ ತಿಂಗಳೂ ಬರುತ್ತಿದ್ದಳೇನೋ. ಆದರೆ ಇವಳ ಜೀವ ಕೇಳಬೇಕಲ್ಲ! ಇಷ್ಟು ದೂರ ಬಂದವಳು ಇನ್ನೊಂದು ಹೆಜ್ಜೆ ಬಾರಳೇ? ಒಂದೇ ಒಂದು ಚೂರು ನನ್ನ ಕೈಯಿಂದ ಕೊಟ್ಟರೆ ಏನಾಗುತ್ತೆ ಮಹಾ! ಸರಸರನೆ ಸುತ್ತಿ ಹೋಗಿ, “ಸ್ವಲ್ಪ ಜರುಗಿ ಮೇಷ್ಟ್ರೇ” ಎಂದು ಹಾಡು ಹೇಳಿಸುವ ಮೇಷ್ಟ್ರನ್ನು ಸರಿಸಿ, ತಂಗಿಯ ಎಡಕ್ಕೆ ನಿಂತುಬಿಟ್ಟಳು.

ರೊಟ್ಟಿ ಬಂತು. ಮೇಷ್ಟ್ರು ಕೊಟ್ಟ ತುಂಡನ್ನು ತಿಂದು, ಅಕ್ಕ ರೊಟ್ಟಿ ಕೈಗೆ ತೆಗೆದುಕೊಂಡಳು. ಮೆತ್ತನೆಯ ಕಡೆಯಿಂದ ಆರಿಸಿ ಒಂದು ಸಣ್ಣ ಚೂರು ಮುರಿದಳು.

“ನಿನಗಾಗಿ.”

ತಂಗಿ ಅಂಗೈ ಚಾಚಲಿಲ್ಲ. ಆ ಚೂರನ್ನೂ ಅದನ್ನು ಹಿಡಿದ ಬೆರಳುಗಳನ್ನೂ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ನೀರಿತ್ತು.

“ಅಕ್ಕಾ,” ಎಂದಳು. ಅಮ್ಮ ಹೋದ ಮೇಲೆ ಆ ಬಾಯಿಂದ ಬಂದ ಮೊದಲನೆಯ ಅಕ್ಕಾ. “ಬ್ರೆಡ್ಡು ಬೇರೆ ಆದ್ರೇನು, ಕೈ ಅದೇ ಅಲ್ವಾ? ತಿನ್ಬೇಕು ಅಂತಾನೇ ಬಂದಿದ್ದೆ ಕಣೇ. ಅಲ್ಲೇ ನಿಂತಿದ್ರೆ ಏನಾಗ್ತಿತ್ತು ನಿಂಗೆ?”

ಸೆರಗಲ್ಲಿ ಮುಖ ಒರೆಸಿಕೊಂಡು ತಂಗಿ ಹೊರಟುಹೋದಳು. ಈ ಸಲ ಹಿಂದಿನ ಬೆಂಚಿನಲ್ಲೂ ಕೂರಲಿಲ್ಲ. ಬಾಗಿಲು ದಾಟಿ ಬೀದಿಗಿಳಿದಳು. ಇನ್ನು ಇವಳು ಇತ್ತ ಬರುವುದಿಲ್ಲ ಎಂದು ಅಕ್ಕನಿಗೆ ಗೊತ್ತಾಯಿತು.

ಪಾಸ್ಟರು ಬಂದು ಅಕ್ಕನ ಕೈಯ ರೊಟ್ಟಿ ತೆಗೆದುಕೊಂಡು ಮುಂದಿನವರಿಗೆ ತಾವೇ ಮುರಿದುಕೊಟ್ಟರು. ಜನ ಒತ್ತಿಕೊಂಡು ನಿಂತರು, ತಂಗಿ ನಿಂತಿದ್ದ ಜಾಗ ಮುಚ್ಚಿಹೋಯಿತು. ಮುರಿದ ಚೂರು ಮಾತ್ರ ಅಕ್ಕನ ಬೆರಳಲ್ಲೇ ಉಳಿಯಿತು.

“ತಿಂದ್ಬಿಡಿ ಅಮ್ಮಾ,” ಎಂದರು ಪಾಸ್ಟರು ಮೆಲ್ಲಗೆ.

ಅಕ್ಕ ತಂಗಿಯ ಪಾಲನ್ನು ಬಾಯಿಗಿಟ್ಟುಕೊಂಡಳು. ದೇವರೇ, ಇದು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳಲಿ ಎಂದು ಬೇಡಿಕೊಂಡು ನುಂಗಿದಳು. ಅಂಗಡಿಯ ಬ್ರೆಡ್ಡು, ಎಲ್ಲೂ ತಡೆಯದೆ ಸಲೀಸಾಗಿ ಇಳಿದುಹೋಯಿತು.