ನೂರಾ ಹದಿಮೂರನೆಯ ಕಣ

ಹೇಳುವುದಕ್ಕೆ ನನ್ನ ಕೆಲಸ ಬಲು ಸುಲಭ. ಮೆಸೆಂಜರ್ ಆರ್‌ಎನ್‌ಎ ಎಂಬ ನಾಜೂಕು ಸಂದೇಶವನ್ನು ಕಣ್ಣಿಗೆ ಕಾಣದ ಕೊಬ್ಬಿನ ಕಣದೊಳಗಿಟ್ಟು, ಬೇಕಾದ ಅಂಗಕ್ಕೆ ತಲುಪಿಸಬೇಕು. ತಲುಪಿದ ಕಡೆ ಬೆಳಕು ಕಾಣುವಂಥ ಸಂದೇಶ ತುಂಬಿ ಇಲಿಗೆ ಚುಚ್ಚುತ್ತೇವೆ. ಮೂರು ವರ್ಷದಲ್ಲಿ ನಾನು ಮಾಡಿದ ನೂರಾ ಹನ್ನೆರಡು ಬಗೆಯ ಕಣಗಳೂ ನೇರ ಯಕೃತ್ತಿಗೆ ಹೋಗಿ ಠಿಕಾಣಿ ಹೂಡಿದವು. ಕೊಬ್ಬಿಗೂ ಅದಕ್ಕೂ ಅದೇನು ನಂಟೋ, ಹಾಳಾಗಿ ಹೋಗಲಿ. ನನಗೆ ಬೇಕಾದದ್ದು ಶ್ವಾಸಕೋಶ. ಅಕ್ಕನ ಒಂಬತ್ತು ವರ್ಷದ ಮಗಳ ಶ್ವಾಸಕೋಶ ಹುಟ್ಟಿನಿಂದಲೇ ಒಂದು ಪ್ರೋಟೀನ್ ತಯಾರಿಸುವುದಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಅವಳ ತುಟಿ ನೀಲಿಯಾಗುತ್ತದೆ.

ಸೋಮವಾರ, ನೂರಾ ಹದಿಮೂರನೆಯದು ಶ್ವಾಸಕೋಶದಲ್ಲಿ ಬೆಳಗಿತು. ಇನ್ನೊಮ್ಮೆ ಪರೀಕ್ಷಿಸುವಷ್ಟು ತಾಳ್ಮೆ ನನಗಿರಲಿಲ್ಲ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ, "ಸಿಕ್ತು ಕಣೇ" ಎಂದುಬಿಟ್ಟೆ.

ಗುರುವಾರ ಬೆಳಗ್ಗೆ ಇಲಿಗಳನ್ನು ನೋಡಿಕೊಳ್ಳುವ, ನಾವೆಲ್ಲ ಇಲಿಯಮ್ಮ ಎಂದೇ ಕರೆಯುವ ಹೆಂಗಸು ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ಇಲಿಗಳು ಏದುಸಿರು ಬಿಡ್ತಿವೆ ಮೇಡಂ. ಒಂದು ಸತ್ತೇಹೋಯ್ತು."

ಉಳಿದಿದ್ದ ಮಾದರಿಯ ಅಳತೆ ನೋಡಿದೆ. ಎಂಬತ್ತು ನ್ಯಾನೋಮೀಟರ್ ಇರಬೇಕಾದ ಕಣಗಳು ಸಾವಿರ ದಾಟಿದ್ದವು. ನನ್ನ ಟಿಪ್ಪಣಿ ಪುಸ್ತಕ ತೆರೆದು ನೋಡಿದೆ. ಫ್ರೀಜರಿನಲ್ಲಿಡುವ ಮುನ್ನ ಸಕ್ಕರೆ ಬೆರೆಸಿರಲಿಲ್ಲ. ಸಕ್ಕರೆಯಿಲ್ಲದೆ ಹೆಪ್ಪುಗಟ್ಟಿಸಿದರೆ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆ ಮುದ್ದೆಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಅಲ್ಲೇ ಬೆಳಗಿದ್ದವು. ನಾನು ಕಂಡದ್ದು ಗುರಿ ಮುಟ್ಟಿದ ಔಷಧವಲ್ಲ, ಉಸಿರು ಕಟ್ಟಿಸುವ ಕಸ. ಹೊಸದಾಗಿ ಸೇರಿದವರು ಇಂಥ ತಪ್ಪು ಮಾಡಿದರೆ ಮುಖಕ್ಕೆ ಮಂಗಳಾರತಿ ಮಾಡುವವಳು ನಾನೇ.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಮಧ್ಯಾಹ್ನವೇ ಅಕ್ಕನ ಮನೆಗೆ ಹೋದೆ. ಮಗಳು ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದ್ದಳು. ಅಕ್ಕ ಬಟ್ಟೆ ಮಡಚುತ್ತಿದ್ದಳು. ಅವಳ ಮುಖ ಅಷ್ಟು ಹಗುರವಾಗಿದ್ದದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ.

"ಅಕ್ಕ, ಒಂದು ವಿಷಯ ಹೇಳ್ಬೇಕು."

"ಮೊದಲು ನಂದು ಕೇಳು. ನಿನ್ನೆ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಎರಡು ವರ್ಷದಿಂದ ಅಂಗ ಕಸಿ ಪಟ್ಟೀಲಿದ್ವಲ್ಲ, ಇವಳಿಗೆ ಹೊಂದೋ ಶ್ವಾಸಕೋಶ ಸಿಕ್ಕಿದೆ, ತಕ್ಷಣ ಕರ್ಕೊಂಡು ಬನ್ನಿ ಅಂದ್ರು. ಎದೆ ಸೀಳೋ ಆಪರೇಷನ್ನು, ಉಳಿಯೋದು ಅರ್ಧಕ್ಕರ್ಧ. ನಿನ್ನ ಔಷಧಿ ಇರೋವಾಗ ಯಾಕೆ ಅಂತ ಬೇಡ ಅಂದ್ಬಿಟ್ಟೆ."

ಅವಳ ಫೋನ್ ಎತ್ತಿ ಅವಳ ಕೈಗಿಟ್ಟೆ. "ಈಗಲೇ ಅವರಿಗೆ ಫೋನ್ ಮಾಡು" ಎಂದೆ.

"ಯಾಕೇ? ಅದು ರಾತ್ರೀನೇ ಬೇರೆ ಮಗೂಗೆ ಹಾಕಿಯಾಯ್ತಂತೆ" ಎಂದು ಅಕ್ಕ ನಕ್ಕಳು. "ಪಾಪ, ಅದಕ್ಕೆ ನಿನ್ನಂಥ ಚಿಕ್ಕಮ್ಮ ಎಲ್ಲಿರ್ತಾಳೆ?"