ಮುಚ್ಚಳದ ಬೆಲೆ

ನಾನು ಒಂದು ಸ್ಟೀಲ್ ಡಬ್ಬ. ಹತ್ತು ಕಿಲೋ ಅಕ್ಕಿ ಹಿಡಿಯುತ್ತದೆ ಎಂದು ಹೇಳಿ ನನ್ನನ್ನು ಕೊಟ್ಟರು. ಎಂಟಕ್ಕೇ ತುಂಬಿಬಿಡುತ್ತೇನೆ.

ಹುಟ್ಟಿದ್ದು ಊರಾಚೆಯ ಒಂದು ಶೆಡ್ಡಿನಲ್ಲಿ. ತೆಳ್ಳನೆಯ ತಗಡನ್ನು ಕತ್ತರಿಸಿ, ಅಚ್ಚಿಗೆ ಒತ್ತಿ, ಪಾಲಿಶ್ ಚಕ್ರಕ್ಕೆ ಹಿಡಿದರು. ಮುಖ ಕಾಣುವಷ್ಟು ಹೊಳೆದೆ. ದಪ್ಪ ತಗಡಿನವರು ಅಂಗಡಿಗೆ ಹೋದರು. ಅಲ್ಲಿ ಪಾತ್ರೆಗಳನ್ನು ತೂಗಿ ಮಾರುತ್ತಾರೆ, ಆದ್ದರಿಂದ ನನ್ನಂಥವರಿಗೆ ಅಲ್ಲಿ ಮರ್ಯಾದೆಯಿಲ್ಲ. ನಾವು ಬುಟ್ಟಿಗೆ ಬಿದ್ದೆವು. ಹಳೆ ಬಟ್ಟೆಗೆ ಪಾತ್ರೆ ಕೊಡುವವರು ನಮ್ಮನ್ನು ತಲೆಯ ಮೇಲೆ ಹೊತ್ತು ಬೀದಿ ಸುತ್ತುತ್ತಾರೆ. ಅವರು ತೂಗುವುದಿಲ್ಲ, ಬಿಸಿಲಿಗೆ ಹಿಡಿದು ತೋರಿಸುತ್ತಾರೆ.

ತುಮಕೂರಿನ ಒಂದು ಓಣಿಯಲ್ಲಿ ಸರ್ವಮಂಗಳ ನಮ್ಮನ್ನು ಕೂಗಿ ನಿಲ್ಲಿಸಿದರು. ಬಲು ಬಿಗಿ ಕೈ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಒಳಗಿನದನ್ನು ಬಳಿದು ತೆಗೆಯುವವರು, ಬೇಳೆ ನೆನೆಹಾಕದೆ ಒಲೆ ಹಚ್ಚದವರು. ದುಡ್ಡು ಕೊಡದೆ ಸಾಮಾನು ತರುವುದೆಂದರೆ ಅವರಿಗೆ ಹಬ್ಬ. ಗಂಡ ಷಡಕ್ಷರಿಯ ಪ್ಯಾಂಟುಗಳು, ಅಂಗಿಗಳು, ಎರಡು ನೈಲಾನ್ ಸೀರೆಗಳು ಜಗುಲಿಗೆ ಬಂದವು. ಬುಟ್ಟಿಯವಳು ಒಂದೊಂದನ್ನೂ ಬಿಡಿಸಿ, ತೂತು ಹುಡುಕಿ, ಮೂಗು ಮುರಿದಳು.

"ಇಷ್ಟಕ್ಕೆ ಡಬ್ಬ ಬರುತ್ತೆ ಕಣಮ್ಮ, ಮುಚ್ಚಳ ಬರಲ್ಲ," ಎಂದಳು.

"ಮುಚ್ಚಳ ಇಲ್ದೆ ಡಬ್ಬ ತಗೊಂಡು ಏನ್ ಮಾಡ್ಲಿ? ತಲೆಗೆ ಹಾಕ್ಕೊಂಡು ಓಡಾಡ್ಲಾ?"

"ಹಳೇ ರೇಷ್ಮೆ ಏನಾದ್ರೂ ಇದ್ರೆ ನೋಡಿ. ಹರಿದಿದ್ರೂ ನಡಿಯುತ್ತೆ."

ಸರ್ವಮಂಗಳ ಒಳಗೆ ಹೋಗಿ ಅಟ್ಟದಿಂದ ಒಂದು ಸೀರೆ ತಂದರು. ಅದು ಅವರ ಅತ್ತೆ ಪುಟ್ಟಗೌರಮ್ಮನವರದು. ಬಣ್ಣ ಮಾಸಿತ್ತು, ಮಡಿಕೆಯ ಗೆರೆಗಳಲ್ಲಿ ಬಿರಿದಿತ್ತು. ಅತ್ತೆ ಅದನ್ನು ಉಟ್ಟದ್ದನ್ನು ಸೊಸೆ ಒಮ್ಮೆಯೂ ನೋಡಿರಲಿಲ್ಲ. ಅತ್ತೆ ಆಗ ಊಟ ಮುಗಿಸಿ ಮಲಗಿದ್ದರು. ಇಷ್ಟಕ್ಕೆಲ್ಲ ಯಾಕೆ ಎಬ್ಬಿಸುವುದು ಎಂದು ಸೊಸೆ ಅಂದುಕೊಂಡಿರಬೇಕು.

ಬುಟ್ಟಿಯವಳು ಈ ಸಲ ತೂತು ಹುಡುಕಲಿಲ್ಲ. ಅಂಚನ್ನು ಉಗುರಿನಿಂದ ಒಮ್ಮೆ ಕೆರೆದಳು. ಸೀರೆಯನ್ನು ಮಡಚಿ ಗಂಟಿನ ತಳಕ್ಕೆ ತುರುಕಿ, ಮುಚ್ಚಳ ಕೊಟ್ಟು, ಕೇಳದಿದ್ದರೂ ಮೇಲೊಂದು ಚಮಚ ಇಟ್ಟು ಎದ್ದಳು. ಪಕ್ಕದ ಮನೆಯವರು ಕರೆದರೂ ನಿಲ್ಲಲಿಲ್ಲ. ಹಿಂದಿನ ಕಾಲದ ಜರಿಯಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಕರಗಿಸಿ ತೆಗೆಯುವುದಕ್ಕೆಂದೇ ಕೊಳ್ಳುವವರಿದ್ದಾರೆ. ಬುಟ್ಟಿಯಲ್ಲಿ ಕುಳಿತು ಇಂಥ ಮಾತು ಕೇಳಿದ್ದ ನನಗೆ ಅದು ಗೊತ್ತಿತ್ತು. ಹೇಳಲು ಬಾಯಿರಲಿಲ್ಲ.

ಬಿಟ್ಟಿ ಸಿಕ್ಕಿತೆಂದು ಸರ್ವಮಂಗಳ ನನ್ನನ್ನು ಓಣಿಗೆಲ್ಲ ತೋರಿಸಿದರು. ಅಕ್ಕಿ ತುಂಬಿ ಎತ್ತಿಟ್ಟಾಗಲೆಲ್ಲ ನನ್ನ ತಳ ಒಳಗೆ ಹೊರಗೆ ಟಕ್ ಎನ್ನುತ್ತಿತ್ತು. "ನಿನ್ನ ಡಬ್ಬಕ್ಕೆ ಆಗಲೇ ಮಂಡಿನೋವು," ಎಂದು ಷಡಕ್ಷರಿ ನಕ್ಕರು. ಸರ್ವಮಂಗಳ ನಗಲಿಲ್ಲ.

ಪುಟ್ಟಗೌರಮ್ಮನವರ ಮಗಳ ಮಗಳಿಗೆ ಮದುವೆ ಗೊತ್ತಾಯಿತು. ಹಳೆ ಸೀರೆಯ ಜರಿ ಅಂಚು ಬಿಡಿಸಿ ಮೊಮ್ಮಗಳ ಧಾರೆ ಸೀರೆಗೆ ಹೊಲಿಸಬೇಕೆಂದು ಅಜ್ಜಿಯ ಆಸೆ. ತನ್ನದು ಎಂದು ಕೊಡಲು ಅವರಲ್ಲಿ ಬೇರೇನೂ ಉಳಿದಿರಲಿಲ್ಲ. ಷಡಕ್ಷರಿ ಅಟ್ಟ ಹತ್ತಿದರು. ಗಂಟುಗಳನ್ನೆಲ್ಲ ಇಳಿಸಿ ಬಿಚ್ಚಿದರು. ಸರ್ವಮಂಗಳ ಪಕ್ಕದಲ್ಲೇ ಕೂತು, ಎಲ್ಲರ ಜೊತೆ ತಾವೂ ಹುಡುಕಿದರು.

"ಇಲ್ಲೇ ಇಟ್ಟಿದ್ದೆ ಅನ್ನಿಸ್ತದೆ," ಎಂದರು ಅಜ್ಜಿ. ಕೊನೆಗೆ, "ನಂಗೇ ಮರೆವು. ಎಲ್ಲಿ ಕಳ್ಕೊಂಡೆನೋ," ಎಂದು ಕೈ ಒರೆಸಿಕೊಂಡರು.

ಆಗ ಒಂದು ಮಾತು ಸಾಕಿತ್ತು. ಸರ್ವಮಂಗಳ ಗಂಟುಗಳನ್ನು ಮತ್ತೆ ಕಟ್ಟಿದರು.

ಆಮೇಲೆ ಆದದ್ದನ್ನು ನಾನು ಅಡುಗೆಮನೆಯ ಮೂಲೆಯಿಂದ ನೋಡಿದೆ. ಪುಟ್ಟಗೌರಮ್ಮ ಹಾಕಿದ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡತೊಡಗಿದರು. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಮಗನನ್ನು ಕೇಳಿದರು. ತಮ್ಮ ಅಕ್ಕನಿಗೂ ಕಡೆಗಾಲದಲ್ಲಿ ಹೀಗೇ ಶುರುವಾಗಿತ್ತೆಂದು ಯಾರಿಗೋ ಫೋನಿನಲ್ಲಿ ಮೆಲ್ಲಗೆ ಹೇಳಿದರು. ದಿನಾ ಬೆಳಗಿನ ಕಾಫಿ ಮಾಡುತ್ತಿದ್ದವರು ಅವರೇ. ಅದನ್ನೂ ಬಿಟ್ಟರು. ಗ್ಯಾಸ್ ಆರಿಸುವುದನ್ನು ಮರೆತರೆ ಮನೆಯೇ ಹೋದೀತು ಎಂಬ ಭಯ. ಒಂದು ಸಂಜೆ ಸೊಂಟದ ಬೀಗದ ಕೈ ಗೊಂಚಲನ್ನು ತಂದು ಸೊಸೆಯ ಮುಂದೆ ಇಟ್ಟರು.

"ಇನ್ಮೇಲೆ ನೀನೇ ಇಟ್ಕೊ ಮಂಗಳ. ನನ್ನ ತಲೆ ನೆಚ್ಚಬೇಡ."

ಸರ್ವಮಂಗಳ ಆಗ ನನ್ನಿಂದ ಅಕ್ಕಿ ತೆಗೆಯುತ್ತಿದ್ದರು. ಅಳತೆಯ ಲೋಟ ಅಕ್ಕಿಯಲ್ಲೇ ಉಳಿಯಿತು. ಗೊಂಚಲನ್ನು ಮುಟ್ಟಲಿಲ್ಲ. ಅತ್ತೆಯ ಮುಖ ನೋಡಲಾಗದೆ ನನ್ನನ್ನೇ ನೋಡುತ್ತ ಹೇಳಿದರು.

"ನಿಮ್ಮ ತಲೆ ನೆಟ್ಟಗಿದೆ ಅತ್ತೆ. ಸೀರೆ ಕಳೆದಿಲ್ಲ. ಪಾತ್ರೆಯವಳಿಗೆ ನಾನೇ ಹಾಕ್ದೆ. ಈ ಮುಚ್ಚಳಕ್ಕೆ."

ಬೈಗುಳ ಬರುತ್ತದೆಂದು ಇಬ್ಬರೂ ಕಾದೆವು, ಅವರೂ ನಾನೂ.

"ಎಲ್ಲಿತ್ತು?" ಎಂದರು ಪುಟ್ಟಗೌರಮ್ಮ.

"ಅಟ್ಟದ ಮೇಲೆ."

"ಕೆಂಪು ಗಂಟಲ್ಲಿ? ನಿಮ್ಮ ಮಾವನ ಶಲ್ಯದ ಕೆಳಗೆ?"

"ಹೌದು. ಶಲ್ಯದ ಕೆಳಗೇ ಇತ್ತು."

ಅಜ್ಜಿ ನಿರಾಳವಾಗಿ ಉಸಿರು ಬಿಟ್ಟರು. ಗೊಂಚಲನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಸೊಸೆಯನ್ನು ದಾಟಿ ಒಲೆಯ ಬಳಿ ಹೋಗಿ, ಗ್ಯಾಸ್ ಹಚ್ಚಿ, ಕಾಫಿಗೆ ನೀರಿಟ್ಟರು. ಸರ್ವಮಂಗಳ ಸೆರಗು ಬಾಯಿಗೆ ಒತ್ತಿಕೊಂಡು ನೆಲದ ಮೇಲೇ ಕೂತರು. ಎರಡು ಬೈಗುಳ ಬಿದ್ದಿದ್ದರೆ ಎದ್ದು ನಿಲ್ಲುತ್ತಿದ್ದರೋ ಏನೋ. ಕಾಫಿಯನ್ನು ಒಂದೇ ಲೋಟಕ್ಕೆ ಬಗ್ಗಿಸಿಕೊಂಡು ಅಜ್ಜಿ ನಡುಮನೆಗೆ ಹೋದರು.

ಮಾರನೆಯ ದಿನ ಸರ್ವಮಂಗಳ ನನ್ನೊಳಗಿನ ಅಕ್ಕಿಯನ್ನು ಬೇರೆ ಕಡೆ ಸುರಿದರು. ಈಗ ನಾನು ಬಚ್ಚಲಮನೆಯ ಮೂಲೆಯಲ್ಲಿದ್ದೇನೆ. ಒಳಗೆ ಬಟ್ಟೆ ಸೋಪಿನ ಪುಡಿ. ಅಂಚಿನಲ್ಲಿ ಕಂದು ಕಲೆ ಹತ್ತಿದೆ. ಹೊಳಪು ಹೋಯಿತು, ಅದಕ್ಕೆ ಬೇಸರವಿಲ್ಲ. ಕಡಿಮೆಗೆ ಸಿಕ್ಕಿತೆಂದು ಜನ ನನ್ನಂಥವರನ್ನು ಮನೆಗೆ ತರುತ್ತಾರೆ. ಉಳಿದ ಬೆಲೆಯನ್ನು ಯಾರು ತೆರುತ್ತಾರೆಂದು ಜಗುಲಿಯ ಮೇಲೆ ತಿಳಿಯುವುದಿಲ್ಲ. ಈ ಮನೆಯಲ್ಲಿ ಅದನ್ನು ತೆತ್ತವರು, ಆ ಮಧ್ಯಾಹ್ನ ಒಳಗೆ ಮಲಗಿದ್ದವರು.